ಸುಂಟರಗಾಳಿ ತಡವಾಗಿ ಬೀಸಿದ್ದೇಕೆ? ಓದುಗರ ಪ್ರಶ್ನೆ, ನಮ್ಮ ಉತ್ತರ

ಎರಡನೇ ಮಹಾಯುದ್ಧದ ಬ್ರಿಟಿಷ್ ಯುದ್ಧವಿಮಾನ ವೆಸ್ಟ್‌ಲ್ಯಾಂಡ್ ವರ್ಲ್‌ವಿಂಡ್ ಬಗ್ಗೆ ಕಳೆದ ಸಂಚಿಕೆಯಲ್ಲಿ ಚಿಕ್ಕ ಟಿಪ್ಪಣಿಯೊಂದನ್ನು ಕೊಟ್ಟಿದ್ದೆವು. ವರ್ಲ್‌ವಿಂಡ್ ಎಂದರೆ ಸುಂಟರಗಾಳಿ. ಒಬ್ಬನೇ ಪೈಲಟ್, ಎರಡು ಎಂಜಿನ್, ಮೂತಿಯಲ್ಲಿ ನಾಲ್ಕು 20 ಮಿ.ಮೀ. ಕ್ಯಾನನ್. ಮೊದಲ ಹಾರಾಟ 1938ರ ಅಕ್ಟೋಬರ್ 11ರಂದು, ಯುದ್ಧದ ಕೆಲಸಕ್ಕೆ ಇಳಿದದ್ದು 1940ರ ಡಿಸೆಂಬರ್‌ನಲ್ಲಿ. ಎರಡು ಮೂಲಮಾದರಿ ಸೇರಿ ತಯಾರಾದದ್ದು 114 ಮಾತ್ರ. ಟಿಪ್ಪಣಿ ಚಿಕ್ಕದಾಗಿತ್ತು, ಬಂದ ಪತ್ರಗಳು ಉದ್ದವಾಗಿದ್ದವು. ಹೆಚ್ಚಿನವರು ಕೇಳಿದ್ದು ‘ಯಾಕೆ ಇಷ್ಟು ತಡ?’ ಎಂದೇ. ಅದಕ್ಕೆ ಈ ಸಲ ಅಂಕಣವನ್ನೆಲ್ಲ ಅದಕ್ಕೇ ಬಿಟ್ಟಿದ್ದೇವೆ.

ಪ್ರಶ್ನೆ: ಹಾರಿದ್ದು 1938ರಲ್ಲಿ, ಸ್ಕ್ವಾಡ್ರನ್ ಕೈಗೆ ಬಂದದ್ದು 1940ರ ಜುಲೈಯಲ್ಲಿ. ನಡುವೆ ಯುದ್ಧವೇ ಶುರುವಾಗಿಹೋಗಿತ್ತು. ಇಷ್ಟು ತಡ ಮಾಡಿದವರು ಯಾರು? ಕಂಪನಿಯೋ, ಸರ್ಕಾರವೋ, ಎಂಜಿನ್ ಮಾಡಿದವರೋ? (ಎಂಜಿನಿಯರಿಂಗ್ ವಿದ್ಯಾರ್ಥಿನಿ, ಬಸವನಗುಡಿ)

ಉತ್ತರ: ಮೊದಲು ಒಂದು ಲೆಕ್ಕ ನೋಡಿ. ಸ್ಪಿಟ್‌ಫೈರ್ ಮೊದಲ ಸಲ ಹಾರಿದ್ದು 1936ರ ಮಾರ್ಚ್ 5ರಂದು, 19ನೇ ಸ್ಕ್ವಾಡ್ರನ್‌ಗೆ ಸಿಕ್ಕಿದ್ದು 1938ರ ಆಗಸ್ಟ್‌ನಲ್ಲಿ. ಅಂದರೆ 29 ತಿಂಗಳು. ವರ್ಲ್‌ವಿಂಡ್‌ಗೆ ಹಿಡಿದದ್ದು 21 ತಿಂಗಳು. ಮೊದಲ ವಿಮಾನ ಸ್ಕ್ವಾಡ್ರನ್ ಮುಟ್ಟುವ ಓಟದಲ್ಲಿ ವರ್ಲ್‌ವಿಂಡ್ ಹಿಂದೆ ಬಿದ್ದಿಲ್ಲ. ನಿಜವಾಗಿ ತಡವಾದದ್ದು ಆ ಮೊದಲ ವಿಮಾನದ ಹಿಂದೆ ಸಾಲಾಗಿ ಬರಬೇಕಿದ್ದ ವಿಮಾನಗಳು. 1940ರ ನಡುಭಾಗದಿಂದ 1942ರ ಜನವರಿವರೆಗೆ ಕಾರ್ಖಾನೆಯಿಂದ ಹೊರಬಂದವು 112. ತಿಂಗಳಿಗೆ ಸರಾಸರಿ ಆರೂ ಇಲ್ಲ. ಒಂದು ಸ್ಕ್ವಾಡ್ರನ್ ಎಂದರೆ ಹತ್ತಿಪ್ಪತ್ತು ವಿಮಾನ ಬೇಕು, ಮುರಿದುಬಿದ್ದದ್ದಕ್ಕೆ ಬದಲಿ ಬೇಕು, ಕಲಿಯಲು ಬೇರೆ ಬೇಕು. ತಿಂಗಳಿಗೆ ಆರರಂತೆ ಬಂದರೆ ಇದರಲ್ಲಿ ಯಾವುದೂ ಸರಿಯಾಗಿ ನಡೆಯುವುದಿಲ್ಲ.

ಇನ್ನು ಕಾರಣಗಳು. ಬ್ರಿಟಿಷ್ ವಾಯು ಸಚಿವಾಲಯ ಎಫ್.37/35 ಎಂಬ ಬೇಡಿಕೆ ಮುಂದಿಟ್ಟಿತು: ನಾಲ್ಕು 20 ಮಿ.ಮೀ. ಕ್ಯಾನನ್ ಹೊತ್ತು, 15,000 ಅಡಿ ಎತ್ತರದಲ್ಲಿ ಗಂಟೆಗೆ ಕನಿಷ್ಠ 330 ಮೈಲಿ ಓಡಬೇಕು. 1935ರಲ್ಲಿ ಇದು ದೊಡ್ಡ ಮಾತು. ವೆಸ್ಟ್‌ಲ್ಯಾಂಡ್‌ನ ತಾಂತ್ರಿಕ ಮುಖ್ಯಸ್ಥ ಟೆಡ್ಡಿ ಪೆಟರ್ ಆಗಿನ್ನೂ ಮೂವತ್ತು ತುಂಬದ ಹುಡುಗ. ಗಾಳಿಯ ತಡೆಯನ್ನು ಎಲ್ಲೆಲ್ಲಿ ತಗ್ಗಿಸಬಹುದೋ ಅಲ್ಲೆಲ್ಲ ಕೈಹಾಕಿದರು. ರೇಡಿಯೇಟರ್‌ಗಳನ್ನು ಎಂಜಿನ್ ಕೆಳಗೆ ತೂಗುಹಾಕದೆ ರೆಕ್ಕೆಯ ಮುಂಅಂಚಿನೊಳಗೆ ಅಡಗಿಸಿದರು. ರೆಕ್ಕೆಯ ಹಿಂದೆ ಫೌಲರ್ ಫ್ಲಾಪ್ (ಇಳಿಯುವಾಗ ಹಿಂದಕ್ಕೂ ಕೆಳಕ್ಕೂ ಚಾಚುವ ಹಲಗೆ), ಹೊರತುದಿಯ ಮುಂಅಂಚಿನಲ್ಲಿ ಸ್ಲ್ಯಾಟ್ (ನಿಧಾನವಾಗಿ ಹಾರುವಾಗ ತೆರೆದುಕೊಳ್ಳುವ ಪಟ್ಟಿ), ಹಿಂಬದಿಯ ಹೊದಿಕೆಗೆ ಮೆಗ್ನೀಸಿಯಂ ಮಿಶ್ರಲೋಹ. ಇಷ್ಟು ಸಾಲದೆಂದು ಎಂಜಿನ್ನಿನ ಎಕ್ಸಾಸ್ಟ್ ಕೊಳವೆಯನ್ನು ರೆಕ್ಕೆಯೊಳಗೆ, ಇಂಧನ ಟ್ಯಾಂಕಿನ ನಡುವೆಯೇ ಹಾಯಿಸಿ ಹಿಂದಕ್ಕೆ ಬಿಟ್ಟರು.

ಈ ಎಕ್ಸಾಸ್ಟ್ ವಿಷಯವನ್ನು ಸ್ವಲ್ಪ ನಿಂತು ನೋಡಬೇಕು. ಪರೀಕ್ಷಾ ಪೈಲಟ್ ಹೆರಾಲ್ಡ್ ಪೆನ್ರೋಸ್ ಹಾರಿಸುತ್ತಿದ್ದಾಗ ಒಮ್ಮೆ ಈ ಕೊಳವೆ ಒಳಗೇ ಕೈಕೊಟ್ಟಿತು. ಕೆಂಪಗೆ ಕಾದ ಹೊಗೆ ರೆಕ್ಕೆಯೊಳಗೆ ನುಗ್ಗಿ ಐಲರಾನ್ ಅನ್ನು ಎಳೆದು ತಳ್ಳುವ ದಂಡವನ್ನು ಸುಟ್ಟಿತು. ಐಲರಾನ್ ಎಂದರೆ ವಿಮಾನವನ್ನು ಎಡಕ್ಕೆ ಬಲಕ್ಕೆ ವಾಲಿಸುವ ಹಲಗೆ. ಪಕ್ಕದಲ್ಲಿ ಪೆಟ್ರೋಲ್, ಒಳಗೆ ಬೆಂಕಿ, ಕೈಯಲ್ಲಿ ಅರ್ಧ ಹಿಡಿತ. ಪೆನ್ರೋಸ್ ವಿಮಾನವನ್ನು ನೆಲಕ್ಕೆ ತಂದರು. ಆಮೇಲೆ ಆ ಏರ್ಪಾಡನ್ನೇ ಕಿತ್ತುಹಾಕಿ, ಬೇರೆ ವಿಮಾನಗಳಂತೆ ಎಂಜಿನ್ ಪಕ್ಕದಲ್ಲೇ ಹೊರಗೆ ಬಿಡುವ ಎಕ್ಸಾಸ್ಟ್ ಹಾಕಿದರು. ಬಾಲದ್ದೂ ಇಂಥದೇ ಕಥೆ: ದೊಡ್ಡ ಫ್ಲಾಪ್ ಇಳಿಸಿದಾಗ ಹಿಂದೆ ಏಳುವ ಕದಡಿದ ಗಾಳಿಗೆ ಸಿಗದಂತೆ ಅಡ್ಡಬಾಲವನ್ನು ಮೇಲಕ್ಕೆ ಒಯ್ದರು. ಅಲ್ಲಿ ನಡುಕ ಬಂತು. ಅಡ್ಡಬಾಲ, ನಿಲುಬಾಲ ಸೇರುವ ಜಾಗಕ್ಕೆ ಓಕ್ ಕಾಯಿಯಂಥ ದುಂಡು ಮುಚ್ಚಳ ಕೂರಿಸಿ ಅದನ್ನು ಹತೋಟಿಗೆ ತಂದರು. ಒಂದೊಂದೂ ಬಗೆಹರಿಯುವ ಸಮಸ್ಯೆಯೇ. ಎಲ್ಲವೂ ಒಂದೇ ವಿಮಾನದಲ್ಲಿ, ಒಂದೇ ವರ್ಷದಲ್ಲಿ, ಒಂದು ಸಣ್ಣ ವಿನ್ಯಾಸ ಕಚೇರಿಯ ಮೇಜಿಗೆ ಬಂದದ್ದೇ ಕಷ್ಟವಾಯಿತು.

ಇದಕ್ಕಿಂತ ದೊಡ್ಡ ಪೆಟ್ಟು ಎಂಜಿನ್ನಿನದು. ವರ್ಲ್‌ವಿಂಡ್‌ಗೆ ಹಾಕಿದ್ದು ರೋಲ್ಸ್ ರಾಯ್ಸ್ ಪೆರಿಗ್ರಿನ್: 12 ಸಿಲಿಂಡರ್, ಸುಮಾರು 21 ಲೀಟರ್, 885 ಅಶ್ವಶಕ್ತಿ. ಹಳೆಯ ಕೆಸ್ಟ್ರೆಲ್ ಎಂಜಿನ್ನನ್ನೇ ತಿದ್ದಿ ಬೆಳೆಸಿದ್ದು. ಎಂಜಿನ್ ಕೆಟ್ಟದ್ದೇನಲ್ಲ. ಆದರೆ ಅದೇ ಕಂಪನಿಯ ಮರ್ಲಿನ್ 27 ಲೀಟರ್, 1,000 ಅಶ್ವಶಕ್ತಿ ದಾಟಿತ್ತು, ಸ್ಪಿಟ್‌ಫೈರ್‌ಗೂ ಹರಿಕೇನ್‌ಗೂ ಅದೇ ಬೇಕಿತ್ತು. ಯುದ್ಧ ಹತ್ತಿರವಾದಂತೆ ರೋಲ್ಸ್ ರಾಯ್ಸ್ ತನ್ನ ಜನ, ಯಂತ್ರ, ತಿದ್ದುಪಡಿಯ ಕೆಲಸ ಎಲ್ಲವನ್ನೂ ಮರ್ಲಿನ್ ಕಡೆಗೆ ತಿರುಗಿಸಿತು. ಪೆರಿಗ್ರಿನ್ ಬಳಸುವ ವಿಮಾನ ಸಾಲಾಗಿ ತಯಾರಾಗುತ್ತಿದ್ದುದು ಇದೊಂದೇ. ಒಂದೇ ಗಿರಾಕಿಗಾಗಿ ಒಂದು ಎಂಜಿನ್ ಸಾಲನ್ನು ನಡೆಸುವುದು ಶಾಂತಿಕಾಲದಲ್ಲೇ ಕಷ್ಟ, ಯುದ್ಧದಲ್ಲಿ ಕೇಳುವುದೇ ಬೇಡ.

ಸರ್ಕಾರದ ಪಾಲು 1940ರ ಮೇನಲ್ಲಿ ಬಂತು. ವಿಮಾನ ಉತ್ಪಾದನಾ ಸಚಿವ ಬೀವರ್‌ಬ್ರೂಕ್ ಐದೇ ವಿಮಾನಗಳಿಗೆ ಮೊದಲ ಆದ್ಯತೆ ಕೊಟ್ಟರು: ಸ್ಪಿಟ್‌ಫೈರ್, ಹರಿಕೇನ್, ವೆಲ್ಲಿಂಗ್ಟನ್, ವಿಟ್ಲಿ, ಬ್ಲೆನ್ಹೈಮ್. ಪಟ್ಟಿಯಲ್ಲಿ ವರ್ಲ್‌ವಿಂಡ್ ಇಲ್ಲ. ಫ್ರಾನ್ಸ್ ಕುಸಿಯುತ್ತಿದ್ದ ಆ ವಾರಗಳಲ್ಲಿ ಅದು ಸರಿಯಾದ ತೀರ್ಮಾನವೇ ಎಂಬುದು ನಮ್ಮ ಅಭಿಪ್ರಾಯ. ಹಾಗೆಂದು ವರ್ಲ್‌ವಿಂಡ್ ಅದರ ಬೆಲೆ ತೆತ್ತದ್ದು ಸುಳ್ಳಾಗುವುದಿಲ್ಲ. 1939ರ ಜನವರಿಯಲ್ಲಿ 200, ಆಮೇಲೆ ಇನ್ನೂ 200 ಎಂದು ಕೊಟ್ಟ ಆರ್ಡರ್ ಕೊನೆಗೆ 112ಕ್ಕೆ ನಿಂತಿತು.

ಪ್ರಶ್ನೆ: ಎಂಜಿನ್ನೇ ತೊಂದರೆ ಎಂದಮೇಲೆ ಪೆರಿಗ್ರಿನ್ ತೆಗೆದು ಮರ್ಲಿನ್ ಕೂರಿಸಿದ್ದರೆ ಆಗುತ್ತಿತ್ತಲ್ಲವೇ ಸ್ವಾಮಿ? ನಾವು ಕಾರ್ಖಾನೆಯಲ್ಲಿ ಎಷ್ಟೋ ಎಂಜಿನ್ ಬದಲಾಯಿಸಿದ್ದೇವೆ. (ನಿವೃತ್ತ ವಿಮಾನ ತಂತ್ರಜ್ಞ, ವಿಮಾನಪುರ)

ಉತ್ತರ: ನೀವು ಬದಲಾಯಿಸಿದ್ದು ಅದೇ ಎಂಜಿನ್ನಿಗೆ ಅದೇ ಎಂಜಿನ್, ಸರ್. ಬೇರೆ ಜಾತಿಯ ಎಂಜಿನ್ ಬಂದರೆ ಏನೇನು ಅಲ್ಲಾಡುತ್ತದೆ ಎಂಬುದು ನಮಗಿಂತ ನಿಮಗೆ ಚೆನ್ನಾಗಿ ಗೊತ್ತಿದೆ. ಮರ್ಲಿನ್ ಒಂದೊಂದಕ್ಕೆ ಸುಮಾರು 100 ಕೆ.ಜಿ. ಹೆಚ್ಚು ತೂಕ. ಎರಡು ಸೇರಿ 200 ಕೆ.ಜಿ., ಅದೂ ರೆಕ್ಕೆಯ ಮುಂದೆ. ಗುರುತ್ವಕೇಂದ್ರ ಮುಂದಕ್ಕೆ ಜಾರುತ್ತದೆ. ಎಂಜಿನ್ ತೊಟ್ಟಿಲು, ನಸೆಲ್‌ನ (ರೆಕ್ಕೆಯ ಮೇಲೆ ಎಂಜಿನ್ ಕೂರುವ ಗೂಡಿನ) ಕವಚ, ಲ್ಯಾಂಡಿಂಗ್ ಗೇರ್ ಎಲ್ಲವನ್ನೂ ಗಟ್ಟಿ ಮಾಡಬೇಕು. ಮರ್ಲಿನ್ ಹೆಚ್ಚು ಶಾಖ ಬಿಡುತ್ತದೆ. ರೇಡಿಯೇಟರ್ ಹೊರಗೆ ತೂಗುಬಿದ್ದಿದ್ದರೆ ದೊಡ್ಡದು ಹಾಕಬಹುದಿತ್ತು, ಇಲ್ಲಿ ಅದು ರೆಕ್ಕೆಯ ದಪ್ಪದೊಳಗೆ, ಮೈಗೂ ನಸೆಲ್‌ಗೂ ನಡುವಿನ ಜಾಗದಲ್ಲಿ ಅಳೆದು ಕೂರಿಸಿದ್ದು. ಹೆಚ್ಚು ಎಣ್ಣೆ ಕುಡಿಯುವ ಎಂಜಿನ್ನಿಗೆ ದೊಡ್ಡ ಟ್ಯಾಂಕ್ ಬೇಕು, ಅದಕ್ಕೂ ರೆಕ್ಕೆಯೇ ಬೇಕು. ಲೆಕ್ಕ ಹಾಕುತ್ತ ಹೋದರೆ ಉಳಿಯುವುದು ಹೊಸ ವಿಮಾನ.

ಎರಡನೆಯ ಮಾತು ಇನ್ನೂ ಸರಳ. ಒಂದು ವರ್ಲ್‌ವಿಂಡ್‌ಗೆ ಎರಡು ಮರ್ಲಿನ್ ಕೊಟ್ಟರೆ ಎರಡು ಸ್ಪಿಟ್‌ಫೈರ್ ಕಡಿಮೆಯಾಗುತ್ತವೆ. 1940ರಲ್ಲಿ ಅದಕ್ಕೆ ಯಾರೂ ಒಪ್ಪುವಂತಿರಲಿಲ್ಲ. ವೆಸ್ಟ್‌ಲ್ಯಾಂಡ್ ಮುಂದೆ ಎರಡು ಮರ್ಲಿನ್ ಇಟ್ಟು ವೆಲ್ಕಿನ್ ಎಂಬ ಬೇರೆಯೇ ವಿಮಾನ ಕಟ್ಟಿತು, ತುಂಬಾ ಎತ್ತರದಲ್ಲಿ ಹಾರುವಂಥದ್ದು. ಅದು 1942ರ ನವೆಂಬರ್‌ನಲ್ಲಿ ಹಾರಿತು. ಅಷ್ಟು ಎತ್ತರದಲ್ಲಿ ಬರುತ್ತವೆಂದು ಕಾದಿದ್ದ ಜರ್ಮನ್ ಬಾಂಬರ್‌ಗಳು ಹಿಂಡುಗಟ್ಟಿ ಬರಲೇ ಇಲ್ಲ, ವೆಲ್ಕಿನ್ ಯಾವ ಸ್ಕ್ವಾಡ್ರನ್‌ಗೂ ಕೆಲಸಕ್ಕೆ ಸೇರಲಿಲ್ಲ.

ಪ್ರಶ್ನೆ: ವರ್ಲ್‌ವಿಂಡ್‌ನ ‘ಎಕ್ಸಾಕ್ಟರ್’ ಥ್ರಾಟಲ್ ಪೈಲಟ್‌ಗಳಿಗೆ ತಲೆನೋವಾಗಿತ್ತು ಎಂದು ಬರೆದಿದ್ದಿರಿ. ಅದೇನು, ಹೇಗೆ ಕೆಲಸ ಮಾಡುತ್ತಿತ್ತು? (ಗ್ಯಾರೇಜ್ ಮಾಲೀಕರು, ಕಲಾಸಿಪಾಳ್ಯ)

ಉತ್ತರ: ನಿಮ್ಮ ಕಸುಬಿಗೆ ಹತ್ತಿರದ ವಿಷಯ. ಬೈಕಿನ ಡಿಸ್ಕ್ ಬ್ರೇಕ್‌ನಲ್ಲಿ ಗಾಳಿ ಹಿಡಿದರೆ ಲಿವರ್ ಸ್ಪಂಜಿನಂತೆ ಮೆತ್ತಗಾಗುತ್ತದಲ್ಲ, ಆ ಕಾಯಿಲೆಯೇ ಇದು.

ಸಾಮಾನ್ಯ ವಿಮಾನದಲ್ಲಿ ಥ್ರಾಟಲ್ ಲಿವರ್‌ನಿಂದ ಎಂಜಿನ್‌ವರೆಗೆ ಸರಳು ಇಲ್ಲವೇ ಕೇಬಲ್ ಹೋಗುತ್ತದೆ. ಇಲ್ಲಿ ಲಿವರ್ ಬುಡದಲ್ಲಿ ಒಂದು ಪಿಸ್ಟನ್, ಎಂಜಿನ್ ಬಳಿ ಇನ್ನೊಂದು, ನಡುವೆ ಒಂದೇ ಒಂದು ತೆಳು ಕೊಳವೆ ತುಂಬ ದ್ರವ. ಲಿವರ್ ತಳ್ಳಿದರೆ ದ್ರವ ಆಚೆ ಪಿಸ್ಟನ್ ತಳ್ಳುತ್ತದೆ, ಹಿಂದಕ್ಕೆ ಎಳೆದರೆ ಆಚೆ ಕಡೆಯ ಸ್ಪ್ರಿಂಗ್ ಅದನ್ನು ವಾಪಸ್ ತರುತ್ತದೆ. ರೆಕ್ಕೆಯಲ್ಲಿ ಸರಳು, ಮೊಣಕೈ ಕೀಲು ಯಾವುದೂ ಬೇಡ, ಕೊಳವೆ ಎಲ್ಲಿ ಬೇಕಾದರೂ ಬಳಸಿಕೊಂಡು ಹೋಗುತ್ತದೆ. ಪ್ರೊಪೆಲ್ಲರ್ ಹತೋಟಿಗೂ ಇದೇ ಏರ್ಪಾಡು.

ತೊಂದರೆ ಎಲ್ಲಿ? ಬಿಸಿಲಿಗೆ ದ್ರವ ಹಿಗ್ಗುತ್ತದೆ, ಎತ್ತರದ ಚಳಿಗೆ ಕುಗ್ಗುತ್ತದೆ. ಸೀಲ್ ಸ್ವಲ್ಪ ಸೋರಿದರೂ ದ್ರವ ಕಡಿಮೆಯಾಗುತ್ತದೆ, ಗಾಳಿ ಗುಳ್ಳೆ ಸೇರುತ್ತದೆ. ಆಗ ಲಿವರ್ ಇರುವ ಜಾಗಕ್ಕೂ ಎಂಜಿನ್ ಬಳಿಯ ಥ್ರಾಟಲ್ ಇರುವ ಜಾಗಕ್ಕೂ ತಾಳೆಯಾಗುವುದಿಲ್ಲ. ಒಂದು ಎಂಜಿನ್ ವಿಮಾನವಾದರೆ ಪೈಲಟ್ ಸರಿಮಾಡಿಕೊಂಡಾನು. ಇಲ್ಲಿ ಎರಡು. ಲಿವರ್‌ಗಳು ಸಮವಾಗಿ ನಿಂತಿರುತ್ತವೆ, ಎಂಜಿನ್‌ಗಳು ಬೇರೆ ಬೇರೆ ವೇಗದಲ್ಲಿ ತಿರುಗುತ್ತಿರುತ್ತವೆ, ಮೂತಿ ಒಂದು ಕಡೆಗೆ ಎಳೆಯುತ್ತದೆ. ಪಕ್ಕದ ವಿಮಾನದ ರೆಕ್ಕೆಗೆ ರೆಕ್ಕೆ ಹತ್ತಿಸಿ ಸಾಲಿನಲ್ಲಿ ಹಾರುವಾಗ ಇದು ಅಪಾಯ.

ಮದ್ದು ಇಷ್ಟೇ: ಲಿವರ್ ಅನ್ನು ತುದಿಯವರೆಗೆ ಪೂರ್ತಿ ಎಳೆದು ಒಂದು ಕ್ಷಣ ಹಿಡಿಯುವುದು. ಆ ಸ್ಥಾನದಲ್ಲಿ ಒಂದು ಕವಾಟ ತೆರೆದು, ಕೊಳವೆಗೂ ದ್ರವದ ಚಿಕ್ಕ ಡಬ್ಬಿಗೂ ಸಂಪರ್ಕವಾಗುತ್ತದೆ. ಹೆಚ್ಚಿದ್ದರೆ ಡಬ್ಬಿಗೆ ಹೋಗುತ್ತದೆ, ಕಡಿಮೆ ಇದ್ದರೆ ಕೊಳವೆ ತುಂಬುತ್ತದೆ. ಮತ್ತೆ ಲಿವರ್ ಮುಂದಕ್ಕೆ ತಂದರೆ ತಾಳೆ ಸರಿ. ನೆಲದ ಮೇಲೆ ಇದೇನೂ ದೊಡ್ಡ ಕೆಲಸವಲ್ಲ. ಹಾರಾಟದ ನಡುವೆ ಎರಡು ಎಂಜಿನ್ನಿನ ಲಿವರ್‌ಗಳನ್ನು ಒಂದೊಂದಾಗಿ ಎಳೆದು ಮತ್ತೆ ತರುವುದೆಂದರೆ ಆ ಹೊತ್ತಿಗೆ ಪೈಲಟ್‌ನ ಕಣ್ಣು ಆಕಾಶದ ಮೇಲಿರುವುದಿಲ್ಲ.

ಇದರ ಜೊತೆಗೆ ಇಂಧನದ ಮಾತನ್ನೂ ಹೇಳಿಬಿಡುತ್ತೇವೆ, ಇಬ್ಬರು ಓದುಗರು ಕೇಳಿದ್ದಾರೆ. ಒಟ್ಟು 134 ಗ್ಯಾಲನ್, ಎಡಕ್ಕೆ 67, ಬಲಕ್ಕೆ 67. ಅಂದರೆ ಒಂದೊಂದು ಕಡೆ ಸುಮಾರು 305 ಲೀಟರ್. ಎರಡಕ್ಕೂ ನಡುವೆ ಕೊಂಡಿಯಿಲ್ಲ. ಎಡ ಎಂಜಿನ್ ನಿಂತುಹೋದರೆ ಎಡ ಟ್ಯಾಂಕಿನಲ್ಲಿ ಎಷ್ಟು ಉಳಿದಿದ್ದರೂ ಅದು ಬರೀ ಭಾರ, ಬಲದಲ್ಲಿ ಉಳಿದಷ್ಟರಲ್ಲೇ ಮನೆ ಸೇರಬೇಕು. ಎರಡು ಎಂಜಿನ್ ಇಟ್ಟದ್ದೇ ಒಂದು ಕೆಟ್ಟರೂ ವಾಪಸ್ ಬರಲಿ ಎಂದು. ಆ ಲಾಭವನ್ನು ಒಂದು ಅಡ್ಡಕೊಳವೆ, ಒಂದು ನಲ್ಲಿ ಇಲ್ಲದೆ ಅರ್ಧ ಮಾಡಿಕೊಂಡದ್ದು ನಮಗೆ ಈ ವಿಮಾನದಲ್ಲಿ ಅತಿ ಬೇಸರ ತರುವ ಸಂಗತಿ.

ಪ್ರಶ್ನೆ: ಮೊದಲ ಸ್ಕ್ವಾಡ್ರನ್ನನ್ನು ಲಂಡನ್ ಬಳಿ ಇಡದೆ ಸ್ಕಾಟ್ಲೆಂಡ್‌ಗೆ ಕಳಿಸಿದ್ದೇಕೆ? ಬ್ರಿಟನ್ ಕದನ ನಡೆಯುತ್ತಿದ್ದುದು ದಕ್ಷಿಣದಲ್ಲಿ ಅಲ್ಲವೇ? (ಮಲ್ಲೇಶ್ವರ)

ಉತ್ತರ: 263ನೇ ಸ್ಕ್ವಾಡ್ರನ್‌ನ ಸ್ಥಿತಿ ಗೊತ್ತಾದರೆ ಉತ್ತರ ಅದರಲ್ಲೇ ಇದೆ. ನಾರ್ವೆಯಲ್ಲಿ ಹಳೆಯ ಗ್ಲಾಡಿಯೇಟರ್ ವಿಮಾನಗಳಲ್ಲಿ ಕಾದಾಡಿ, ಹಿಂದಿರುಗುವಾಗ ಆ ಪೈಲಟ್‌ಗಳು ಹತ್ತಿದ್ದ ವಿಮಾನವಾಹಕ ಹಡಗು ಗ್ಲೋರಿಯಸ್ 1940ರ ಜೂನ್ 8ರಂದು ಮುಳುಗಿತು. ಸ್ಕ್ವಾಡ್ರನ್ನನ್ನು ಸ್ಕಾಟ್ಲೆಂಡ್‌ನ ಡ್ರೆಮ್‌ನಲ್ಲಿ ಬಹುಪಾಲು ಹೊಸಬರಿಂದ ಮತ್ತೆ ಕಟ್ಟಬೇಕಾಯಿತು. ಹೊಸ ಪೈಲಟ್‌ಗಳು, ಹೊಸ ವಿಮಾನ, ಬಿಡಿಭಾಗ ಇಲ್ಲ. ಆಗಸ್ಟ್ 7ರಂದು ಸಾಲಿನ ಮೊಟ್ಟಮೊದಲ ವಿಮಾನ ಪಿ6966 ಏರುವಾಗ ಟೈರ್ ಸಿಡಿದು, ಇಳಿಸಲು ಬಾರದೆ, ಪೈಲಟ್ ಪ್ಯಾರಾಚೂಟಿನಲ್ಲಿ ಹಾರಿಕೊಂಡ. ವಿಮಾನ ಹೋಯಿತು.

ಅದಲ್ಲದೆ ಇದು ಭಾರದ ವಿಮಾನ. 10,270 ಪೌಂಡ್ ತೂಕ, 250 ಚದರಡಿ ರೆಕ್ಕೆ. ಚದರಡಿಗೆ 41 ಪೌಂಡ್ ಬೀಳುತ್ತದೆ, ಮೊದಲ ಸ್ಪಿಟ್‌ಫೈರ್‌ಗೆ ಸುಮಾರು 25. ವೇಗವಾಗಿ ಇಳಿಯಬೇಕು, ಉದ್ದ ಓಡಬೇಕು. ಸಣ್ಣ ಹುಲ್ಲು ಮೈದಾನಗಳಲ್ಲಿ ಕಲಿಯುವುದು ಕಷ್ಟ. ನೆಲದ ಮೇಲೆ ನಿಧಾನವಾಗಿ ಓಡಿಸುತ್ತ ಕಾದರೆ ರೆಕ್ಕೆಯೊಳಗಿನ ರೇಡಿಯೇಟರ್‌ಗೆ ಗಾಳಿ ಸಾಲದೆ ಎಂಜಿನ್ ಕಾಯುತ್ತದೆ. ಸ್ಕ್ವಾಡ್ರನ್ ನವೆಂಬರ್ ಕೊನೆಗೆ ಎಕ್ಸೆಟರ್‌ಗೆ ಬಂತು, ಡಿಸೆಂಬರ್‌ನಲ್ಲಿ ಕಾವಲು ಹಾರಾಟ ಶುರುಮಾಡಿತು. ಮೊದಲ ಜರ್ಮನ್ ವಿಮಾನ, ಒಂದು ಅರಾಡೊ 196 ಜಲವಿಮಾನ, ಉರುಳಿದ್ದು 1941ರ ಫೆಬ್ರವರಿ 8ರಂದು. ಎರಡನೇ ಸ್ಕ್ವಾಡ್ರನ್, 137ನೆಯದು, ಹುಟ್ಟಿದ್ದು 1941ರ ಸೆಪ್ಟೆಂಬರ್‌ನಲ್ಲಿ. ಮೂರನೆಯದು ಹುಟ್ಟಲೇ ಇಲ್ಲ.

ಕೆಳಮಟ್ಟದಲ್ಲಿ ಇದು ಒಳ್ಳೆಯ ವಿಮಾನ ಎಂಬುದನ್ನೂ ಹೇಳಬೇಕು. ನಾಲ್ಕೂ ಕ್ಯಾನನ್ ಮೂತಿಯಲ್ಲಿ ಒಟ್ಟಾಗಿ ಇದ್ದುದರಿಂದ ಗುಂಡು ನೇರ ಒಂದೇ ಜಾಗಕ್ಕೆ ಹೋಗುತ್ತಿತ್ತು. ರೆಕ್ಕೆಯಲ್ಲಿ ಅಡ್ಡಮಲಗಿಸಿದ್ದ ಸ್ಪಿಟ್‌ಫೈರ್‌ನ ಮೊದಲ ಕ್ಯಾನನ್‌ಗಳು 1940ರಲ್ಲಿ ಪದೇ ಪದೇ ಸಿಕ್ಕಿಹಾಕಿಕೊಂಡಾಗ ಇದರ ಅನುಕೂಲ ಎದ್ದುಕಂಡಿತು. ಕ್ಯಾನನ್ ಒಂದಕ್ಕೆ 60 ಗುಂಡು, ಆರು ಸೆಕೆಂಡಿಗೆ ಖಾಲಿ. 1942ರಿಂದ ರೆಕ್ಕೆಯಡಿ 250 ಅಥವಾ 500 ಪೌಂಡಿನ ಎರಡು ಬಾಂಬ್ ಹೊತ್ತು ರೈಲು, ಹಡಗುಗಳ ಮೇಲೆ ಎರಗಿತು. 263ನೇ ಸ್ಕ್ವಾಡ್ರನ್ ಇದನ್ನು 1943ರ ಡಿಸೆಂಬರ್‌ವರೆಗೂ ಬಿಡಲಿಲ್ಲ.

ಪ್ರಶ್ನೆ: ಈ ಪೆಟರ್, ನಮ್ಮ ಎಚ್‌ಎಎಲ್‌ನಲ್ಲಿ ಕಟ್ಟಿದ ನ್ಯಾಟ್ ವಿಮಾನದ ಪೆಟರ್ ಒಬ್ಬರೇನಾ? (ಮಾರತಹಳ್ಳಿ)

ಉತ್ತರ: ಒಬ್ಬರೇ. ವೆಸ್ಟ್‌ಲ್ಯಾಂಡ್ ಬಿಟ್ಟು ಇಂಗ್ಲಿಷ್ ಎಲೆಕ್ಟ್ರಿಕ್‌ನಲ್ಲಿ ಕ್ಯಾನ್‌ಬೆರಾ ಬಾಂಬರ್ ವಿನ್ಯಾಸ ಮಾಡಿದರು. ಅದನ್ನೂ ನಮ್ಮ ವಾಯುಪಡೆ ದಶಕಗಳ ಕಾಲ ಹಾರಿಸಿತು. ಆಮೇಲೆ ಫಾಲಂಡ್ ಕಂಪನಿಗೆ ಹೋಗಿ ನ್ಯಾಟ್ ಮಾಡಿದರು. 1956ರಲ್ಲಿ ಭಾರತ ಅದರ ಪರವಾನಗಿ ಪಡೆಯಿತು, ಬೆಂಗಳೂರಿನಲ್ಲಿ ತಯಾರಾಯಿತು. ವರ್ಲ್‌ವಿಂಡ್‌ನಲ್ಲಿ ಎಲ್ಲ ಹೊಸತನ್ನೂ ತುರುಕಿದ ಅದೇ ಕೈ ನ್ಯಾಟ್‌ನಲ್ಲಿ ಏನೇನು ಬಿಡಬಹುದು ಎಂದು ಹುಡುಕಿತು. ಆದರೂ ನ್ಯಾಟ್‌ಗೂ ಹೈಡ್ರಾಲಿಕ್ಸ್ ಮತ್ತು ಬಾಲದ ಹತೋಟಿಯ ತೊಂದರೆ ತಪ್ಪಲಿಲ್ಲ. ಎಚ್‌ಎಎಲ್ ಅದನ್ನು ತಿದ್ದಿ, ರೆಕ್ಕೆಯೊಳಗೇ ಇಂಧನ ತುಂಬುವಂತೆ ಮಾಡಿ ಅಜೀತ್ ಎಂದು ಹೊರತಂದಿತು. ಅಜೀತ್ 1975ರ ಮಾರ್ಚ್ 5ರಂದು ಮೊದಲು ಹಾರಿತು.

ಎಂಜಿನ್ನಿಗೆ ಕಾದು ಸೊರಗಿದ ಎರಡು ಎಂಜಿನ್ ವಿಮಾನ ಬೆಂಗಳೂರಿಗೆ ಹೊಸದಲ್ಲ. ಜರ್ಮನ್ ವಿನ್ಯಾಸಕ ಕುರ್ಟ್ ಟ್ಯಾಂಕ್ ರೂಪಿಸಿದ ಎಚ್‌ಎಫ್-24 ಮಾರುತ್ ಜೆಟ್ ಯುದ್ಧವಿಮಾನ 1961ರ ಜೂನ್ 17ರಂದು ಇಲ್ಲೇ ಹಾರಿತು. ಅದಕ್ಕೆಂದು ಎಣಿಸಿದ್ದ ಹೆಚ್ಚು ಬಲದ ಆರ್ಫಿಯಸ್ 12 ಎಂಜಿನ್ ಬರಲೇ ಇಲ್ಲ. ಇದ್ದ ಆರ್ಫಿಯಸ್ 703ರಲ್ಲೇ 1967ರಲ್ಲಿ 10ನೇ ಸ್ಕ್ವಾಡ್ರನ್ ಸೇರಿತು. ಎಂಜಿನ್ ಸಾಲದೆ ಹೋದರೂ ಮೈಕಟ್ಟು ಎಷ್ಟು ಚೆನ್ನಾಗಿತ್ತೆಂದು 1971ರಲ್ಲಿ ರಾಜಸ್ಥಾನದ ಗಡಿಯಲ್ಲಿ ಅದನ್ನು ಹಾರಿಸಿದವರು ತೋರಿಸಿದರು. ಹಳೇ ವಿಮಾನ ನಿಲ್ದಾಣ ರಸ್ತೆಯ ಎಚ್‌ಎಎಲ್ ವಸ್ತುಸಂಗ್ರಹಾಲಯದಲ್ಲಿ ಮಾರುತ್, ಅಜೀತ್ ಎರಡೂ ಇವೆ. ಪೆಟರ್ ಮನಸ್ಸು ಹೇಗೆ ಓಡುತ್ತಿತ್ತೆಂದು ತಿಳಿಯಬೇಕಾದರೆ ಅಜೀತ್ ಪಕ್ಕ ನಿಂತು ಅದರ ಎತ್ತರವನ್ನು ನಿಮ್ಮ ಎತ್ತರಕ್ಕೆ ಹೋಲಿಸಿ ನೋಡಿ.

ಪ್ರಶ್ನೆ: ಯುದ್ಧಕಾಲದಲ್ಲಿ ವರ್ಲ್‌ವಿಂಡ್ ಬೆಂಗಳೂರಿಗೆ ಬಂದಿತ್ತೇ? (ಹಲಸೂರು)

ಉತ್ತರ: ಇಲ್ಲ. ಎರಡೂ ಸ್ಕ್ವಾಡ್ರನ್ ಬ್ರಿಟನ್‌ನಿಂದಲೇ ಹಾರಿದವು. 1943ರಿಂದ ಇಲ್ಲಿನ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಅಮೆರಿಕನ್ನರ ದುರಸ್ತಿ ಕೇಂದ್ರವಾಗಿ ಕ್ಯಾಟಲೀನಾ, ಬಿ-25ರಂಥ ವಿಮಾನಗಳನ್ನು ನೋಡಿಕೊಳ್ಳುತ್ತಿತ್ತು.

ಪ್ರಶ್ನೆ: ಬೇರೆ ದೇಶಗಳ ಎರಡು ಎಂಜಿನ್ ಫೈಟರ್‌ಗಳೂ ಹೀಗೆ ತಡವಾದವೇ? (ಪಿಯುಸಿ ವಿದ್ಯಾರ್ಥಿ, ಯಲಹಂಕ)

ಉತ್ತರ: ಆದವು, ಕಾರಣ ಬೇರೆ ಬೇರೆ. ಅಮೆರಿಕದ ಪಿ-38 ಲೈಟ್ನಿಂಗ್ 1939ರ ಜನವರಿ 27ರಂದು ಹಾರಿತು. ಎರಡು ವಾರದಲ್ಲೇ, ಫೆಬ್ರವರಿ 11ರಂದು, ದೇಶದ ಈ ತುದಿಯಿಂದ ಆ ತುದಿಗೆ ದಾಖಲೆ ಹಾರಾಟ ಮಾಡಿ ಇಳಿಯುವಾಗ ಆ ಒಂದೇ ಮೂಲಮಾದರಿ ಅಪ್ಪಳಿಸಿತು. ಕಡಿದಾಗಿ ಧುಮುಕುವಾಗ ರೆಕ್ಕೆಯ ಮೇಲೆ ಗಾಳಿ ಶಬ್ದದ ವೇಗ ಮುಟ್ಟಿ, ಮೂತಿ ಮೇಲೆತ್ತಲು ಬಾರದಂತಾಗುತ್ತಿತ್ತು. ಅದು ಮೊದಲ ಶತ್ರು ವಿಮಾನ ಉರುಳಿಸಿದ್ದು 1942ರ ಆಗಸ್ಟ್‌ನಲ್ಲಿ. ಜರ್ಮನಿಯ ಮೆಸರ್‌ಷ್ಮಿಟ್ 262 ಜೆಟ್ ಬಲದಲ್ಲಿ 1942ರ ಜುಲೈ 18ರಂದು ಹಾರಿ, ಪರೀಕ್ಷಾ ತುಕಡಿ ಸೇರಿದ್ದು 1944ರಲ್ಲಿ. ನಿಕ್ಕಲ್, ಕ್ರೋಮಿಯಂ ಕೊರತೆಯಲ್ಲಿ ಮಾಡಿದ ಯೂಮೊ 004 ಎಂಜಿನ್ ಸುಮಾರು 25 ಗಂಟೆ ಓಡಿದರೆ ಹೆಚ್ಚು.

ಪ್ರಶ್ನೆ: 1/72 ಅಳತೆಯ ವರ್ಲ್‌ವಿಂಡ್ ಮಾದರಿ ಜೋಡಿಸುತ್ತಿದ್ದೇನೆ. ಪ್ರೊಪೆಲ್ಲರ್‌ಗಳು ಎದುರುಬದುರು ತಿರುಗಬೇಕೇ? ಬೇರೆ ಏನು ಗಮನಿಸಬೇಕು? (ಜಯನಗರ)

ಉತ್ತರ: ಎದುರುಬದುರು ತಿರುಗುತ್ತಿದ್ದುದು ಮೊದಲ ಮೂಲಮಾದರಿ ಎಲ್6844ರಲ್ಲಿ ಮಾತ್ರ. ಸ್ಕ್ವಾಡ್ರನ್ ವಿಮಾನವಾದರೆ ಎರಡೂ ಒಂದೇ ದಿಕ್ಕಿಗೆ. ರೆಕ್ಕೆಯ ಅಗಲ 45 ಅಡಿ, ನಿಮ್ಮ ಅಳತೆಗೆ 190.5 ಮಿ.ಮೀ. ಬರಬೇಕು. ಅಂಟುವ ಮೊದಲು ಒಣಜೋಡಣೆ ಮಾಡಿ ಅಳೆಯಿರಿ. ಹಿಂದೆ ಬಾಲಚಕ್ರ ಇರುವ ವಿಮಾನ, ಮೂತಿಗೆ ತೂಕ ತುಂಬುವುದು ಬೇಡ. ಧುಮುಕುವಾಗ ಸ್ಲ್ಯಾಟ್‌ಗಳು ಕಿತ್ತುಬಂದ ಮೇಲೆ ಅವನ್ನು ಮುಚ್ಚಿ ಬಿಗಿದಿದ್ದರು. ಆದ್ದರಿಂದ ಮುಚ್ಚಿಯೇ ಇಡಿ. ಬಾಂಬ್ ಕೊಂಡಿಗಳು 1942ಕ್ಕೆ ಮುಂಚಿನ ವಿಮಾನಕ್ಕೆ ಬೇಡ. ಫ್ಲಾಪ್ ಇಳಿಸಿ ತೋರಿಸುವುದಾದರೆ ನಸೆಲ್‌ನ ಹಿಂತುದಿಯೂ ಜೊತೆಗೆ ಇಳಿಯಬೇಕು, ಅಲ್ಲಿ ಗರಗಸ ಹಾಕುವ ಮುನ್ನ ಫೋಟೋ ನೋಡಿಕೊಳ್ಳಿ. ಅಸಲಿ ವಿಮಾನ ನೋಡಿ ಅಳೆಯೋಣವೆಂದರೆ ಒಂದೂ ಉಳಿದಿಲ್ಲ. ಕೊನೆಯದನ್ನು 1947ರಲ್ಲಿ ಗುಜರಿಗೆ ಹಾಕಿದರು.